ಪಟ್ಟಿಯಲ್ಲಿಲ್ಲದ ಕಂಪ್ಯೂಟರು

ರಾಣೆಬೆನ್ನೂರು ಕಡೆ ಒಂದು ಬೀಜದ ಕಂಪನಿ ಇತ್ತು. ಹೆಸರು ಬೇಡ. ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ಅವರ ಕಡೆಯವರು ಬಂದು ನನ್ನ ಕಟ್ಟೆ ಮೇಲೆ ಕೂರುತ್ತಾರೆ. ಕಥೆಗೆ ಹೆಸರು ಯಾಕೆ, ನೀತಿ ಇದ್ದರೆ ಸಾಕು.

ಕಂಪನಿಯ ಸಾಹುಕಾರರು ಮುರಿಗೆಪ್ಪನವರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಗೂ ಒಂದು ಚಟ ಇರುತ್ತದಲ್ಲ, ಇವರಿಗೂ ಇತ್ತು. ಅದು ಆಮೇಲೆ ಬರುತ್ತದೆ.

ಕಂಪನಿ ದೊಡ್ಡ ರಸ್ತೆಯ ಎರಡೂ ಬದಿಗೆ ಹರಡಿಕೊಂಡಿತ್ತು. ಈ ಬದಿಗೆ ಆಫೀಸು, ಗೋದಾಮು, ಪ್ಯಾಕಿಂಗ್ ಶೆಡ್ಡು. ಆ ಬದಿಗೆ ಬೀಜ ಮೊಳೆಯುತ್ತದೋ ಇಲ್ಲವೋ ಅಂತ ನೋಡುವ ಲ್ಯಾಬು, ಕೋಲ್ಡ್ ಸ್ಟೋರೇಜು, ಮಾರಾಟದವರ ಕೋಣೆ. ಎರಡೂ ಬದಿ ಸೇರಿ ಅರವತ್ತು ಕಂಪ್ಯೂಟರು. ಎಲ್ಲವನ್ನೂ ತಂತಿ ಎಳೆದು ಒಂದಕ್ಕೊಂದು ಕಟ್ಟಿದ್ದರು, ಕಣದಲ್ಲಿ ಎತ್ತು ಕಟ್ಟಿದ ಹಾಗೆ.

ಕಂಪ್ಯೂಟರ್ ಒಳಗೆ ಆಪರೇಟಿಂಗ್ ಸಿಸ್ಟಮ್ ಅಂತ ಒಂದು ಇರುತ್ತದೆ. ನನಗೆ ತಿಳಿದಷ್ಟು ಹೇಳುತ್ತೇನೆ. ಅದು ಮನೆಯ ಸೊಸೆ ಇದ್ದ ಹಾಗೆ. ಒಲೆ ಅವಳ ಕೈಯಲ್ಲಿ, ನೀರು ಅವಳ ಕೈಯಲ್ಲಿ, ಬಾಗಿಲ ಚಿಲಕ ಅವಳ ಕೈಯಲ್ಲಿ. ಸಾಸಿವೆ ಡಬ್ಬಿ ಎಲ್ಲಿದೆ ಅಂತ ಅತ್ತೆಗೆ ಗೊತ್ತಿರುವುದಿಲ್ಲ, ಅವಳಿಗೆ ಗೊತ್ತು. ಅವಳು ತವರಿಗೆ ಹೋದ ದಿನ ಮನೆಯವರಿಗೆ ಒಗ್ಗರಣೆ ಇಲ್ಲ.

ಈ ಕಂಪನಿಯ ಕಂಪ್ಯೂಟರುಗಳಲ್ಲಿ ಇದ್ದದ್ದು ಹಳೆಯ ಸೊಸೆ. ಕಣ್ಣು ಮಂಜು, ಕಿವಿ ಮಂದ. ಕಳ್ಳ ಬಂದು ಚಿಲಕ ತೆಗೆದರೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ಊರಿನ ಒಂದು ಮಿಲ್ಲಿನಲ್ಲಿ ಹಾಗೇ ಆಯಿತು. ಎಲ್ಲಿಯದೋ ಕಳ್ಳರು ತಂತಿಯಲ್ಲೇ ಬಂದು ಎಲ್ಲ ಕಂಪ್ಯೂಟರಿಗೂ ಬೀಗ ಹಾಕಿ ಹೋದರು. ಆ ಸುದ್ದಿ ಕೇಳಿ ಮುರಿಗೆಪ್ಪನವರಿಗೆ ಊಟ ಸೇರಲಿಲ್ಲ. ತಮ್ಮ ಕಂಪ್ಯೂಟರ್ ವಿಭಾಗದ ಇಬ್ಬರನ್ನೂ ಕರೆಸಿದರು.

ಒಬ್ಬ ಉದಯಶಂಕರ. ವಿಭಾಗಕ್ಕೆ ಹಿರಿಯ. ತಲೆಗೆ ಬಣ್ಣ, ಕಿಸೆಗೆ ಎರಡು ಪೆನ್ನು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಏಳು ಸರ್ಟಿಫಿಕೇಟು. ತನ್ನ ಕುರ್ಚಿ ಬಿಟ್ಟು ಎದ್ದು ಹೋದದ್ದನ್ನು ಯಾರೂ ನೋಡಿದವರಿಲ್ಲ. ಚಹಾ ಕೂಡ ಅವನಿದ್ದಲ್ಲಿಗೇ ಬರಬೇಕು.

ಇನ್ನೊಬ್ಬಳು ದಾನಮ್ಮ. ಅವನ ಕೈಕೆಳಗಿನವಳು. ಹಾವೇರಿಯಲ್ಲಿ ಡಿಪ್ಲೊಮಾ ಮಾಡಿ ಬಂದವಳು. ಅವಳ ದುಡಿಮೆಯ ಮೇಲೆಯೇ ತಾಯಿಯದೂ ಮಗಳದೂ ಹೊಟ್ಟೆ. ಗಂಡ ಎಲ್ಲಿ ಅಂತ ಕೇಳಬೇಡಿ. ಅದು ಇನ್ನೊಂದು ಕಥೆ, ಅದರಲ್ಲಿ ನೀತಿ ಇಲ್ಲ.

ಸಾಹುಕಾರರು ಹೇಳಿದರು: "ಎಲ್ಲಾ ಕಡೆ ಹೊಸಾದು ಬರಬೇಕು. ಎರಡು ತಿಂಗಳು ಟೈಮು. ಉದಯಶಂಕರ, ರಸ್ತೆಯ ಈ ಬದಿ ನಿಂದು. ದಾನಮ್ಮ, ಆ ಬದಿ ನಿಂದು. ಮಿರಗದ ಮಳಿ ಹತ್ತರ ಬಂತು. ಬೀಜದ ಲಾರಿ ಒಂದು ದಿನಾನೂ ನಿಲ್ಲಬಾರದು. ಯಾರಿಂದ ಲಾರಿ ನಿಂತವೋ ಅವರು ಮನಿಗೆ ಹೋಗೂದು. ಉಳಿದವರು ವಿಭಾಗ ನೋಡಿಕೊಳ್ಳೂದು."

"ಎರಡು ತಿಂಗಳು ಯಾಕ್ರಿ ಸಾಹುಕಾರ್ರ?" ಅಂದ ಉದಯಶಂಕರ. "ನನಗ ಒಂದು ರವಿವಾರ ಸಾಕು. ಕುಂತಲ್ಲಿಂದ ಒಂದು ಹುಕುಂ ಕೊಟ್ಟರ ತಂತಿ ಗುಂಟ ಹೋಗಿ ಎಲ್ಲಾ ಕಡೆ ತಾನ ಕುಂಡರತೈತಿ."

ದಾನಮ್ಮ ಹೇಳಿದಳು: "ನನಗ ಎರಡು ತಿಂಗಳೂ ಬೇಕ್ರಿ."

ಉದಯಶಂಕರ ನಕ್ಕ. ಸಾಹುಕಾರರೂ ಸ್ವಲ್ಪ ನಕ್ಕರು ಅಂತ ಸುದ್ದಿ.

ದಾನಮ್ಮ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ತನ್ನ ಬದಿಯ ಒಂದೊಂದು ಕಂಪ್ಯೂಟರಿಗೂ ಹೋದಳು. ಅದರ ಮುಂದೆ ಕೂತವರನ್ನು ಒಂದೇ ಪ್ರಶ್ನೆ ಕೇಳಿದಳು. "ಇದರಾಗ ನೀವಷ್ಟ ಮಾಡೂದು, ಬ್ಯಾರೆ ಯಾರೂ ಮಾಡದ ಕೆಲಸ ಯಾವುದೈತ್ರಿ?"

ಕೇಳುವವರು ಸಿಕ್ಕರೆ ಹೇಳುವವರಿಗೆ ಬರವೇ? ಕೋಲ್ಡ್ ಸ್ಟೋರೇಜಿನವನು ಹೇಳಿದ, ತಂಪು ಕಡಿಮೆಯಾದರೆ ಇದು ಗಂಟೆ ಹೊಡೆಯುತ್ತದೆ, ಆ ಗಂಟೆ ಹೋದರೆ ಬೀಜ ಸತ್ತಂತೆ. ಮಾರಾಟದವನೊಬ್ಬ ಬಾಗಿಲು ಮುಂದೆ ಮಾಡಿ ಹೇಳಿದ, ಇದರಲ್ಲಿ ನನ್ನ ಮಗಳಿಗೆ ಬಂದ ಇಪ್ಪತ್ತೆರಡು ವರಗಳ ಫೋಟೋ ಇವೆ, ಹೆಂಡತಿಗೂ ತೋರಿಸಿಲ್ಲ. ದಾನಮ್ಮ ಎಲ್ಲವನ್ನೂ ಬರೆದುಕೊಂಡಳು. ಆ ನೋಟ್‌ಬುಕ್ ಒಮ್ಮೆ ನನ್ನ ಕೈಗೆ ಸಿಕ್ಕಿದ್ದರೆ! ಇರಲಿ.

ಹೊಸದನ್ನು ಮೊದಲು ಯಾರ ಮೇಲೆ ಹಾಕಿ ನೋಡುವುದು? ಅವಳು ಆರಿಸಿಕೊಂಡದ್ದು ಲ್ಯಾಬಿನ ವೀರನಗೌಡನನ್ನು. ಮೊಳಕೆ ಎಣಿಸುವವನು. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಅನ್ನ ಬೆಂದಿಲ್ಲ ಅನ್ನುವ ಗಿರಾಕಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ.

"ಇಷ್ಟು ಮಂದಿ ಇರೂವಾಗ ಆ ಸಿಡುಕನ ಯಾಕ?" ಅಂತ ಯಾರೋ ಕೇಳಿದರು.

"ಸುಮ್ಮನ ಇರೋರು ಸುಮ್ಮನ ಸಹಿಸಿಕೊಳ್ತಾರ. ತಪ್ಪು ಎಲ್ಲೈತಿ ಅಂತ ಬೈಯೋರ ಹೇಳಬೇಕು" ಅಂದಳು.

ಮೂರು ದಿನ ಅವನ ಮೇಜಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತಳು. ಅವನು ಬೈದ, ಇವಳು ಬರೆದಳು. ಕನ್ನಡ ಅಕ್ಷರವೆಲ್ಲ ಚೌಕಡಿ ಆಗಿವೆ ಅಂದ. ತಕ್ಕಡಿಯ ತೂಕ ಕಂಪ್ಯೂಟರಿಗೆ ಬರುತ್ತಿಲ್ಲ ಅಂದ. ಒಟ್ಟು ಹನ್ನೊಂದು ತಪ್ಪು ಹುಡುಕಿದ. ಮೂರನೇ ದಿನ ಸಂಜೆ ಗಿರ್ಮಿಟ್ಟು, ಮಿರ್ಚಿ ತರಿಸಿ ಇಬ್ಬರೂ ಒಂದೇ ಕಾಗದದ ಮೇಲೆ ತಿಂದರು.

ಅಷ್ಟು ಸಾಕಲ್ಲ! ಗಂಡ ಓಡಿಹೋದವಳು, ಹೆಂಡತಿ ಸತ್ತವನು, ಒಂದೇ ಕಾಗದದ ಮಿರ್ಚಿ. ಸುದ್ದಿ ರಸ್ತೆ ದಾಟುವುದಕ್ಕೆ ಲಾರಿಗೂ ಕಾಯಲಿಲ್ಲ. ನಾನೂ ನಾಲ್ಕು ಮನೆಗೆ ಹೇಳಿದೆ, ಸುಳ್ಳು ಯಾಕೆ ಹೇಳಲಿ.

ದಾನಮ್ಮನ ಕಿವಿಗೂ ಬಿತ್ತು. ಬಿದ್ದರೂ ಅವಳು ಎದ್ದು ಹೋಗಲಿಲ್ಲ. ಹನ್ನೊಂದು ತಪ್ಪನ್ನೂ ಸರಿಮಾಡಿ, ಆಮೇಲೆ ಇನ್ನು ಮೂರು ಕಂಪ್ಯೂಟರಿಗೆ ಮಾತ್ರ ಹೊಸದು ಹಾಕಿದಳು. ಹಾಕುವ ಮೊದಲು ಹಳೆಯದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಬೀಜದ ಚೀಲದಲ್ಲಿ ಸುತ್ತಿ, ಹೆಸರು ಬರೆದು ಕಬ್ಬಿಣದ ಕಪಾಟಿನಲ್ಲಿ ಇಟ್ಟಳು.

ಈಗ ಸಂಕವ್ವನ ಮಾತು. ಸಂಕವ್ವ ಉದಯಶಂಕರನ ಬದಿಯವಳು, ಪ್ಯಾಕಿಂಗ್ ಶೆಡ್ಡಿನಲ್ಲಿ ಟ್ಯಾಗು ಹೊಡೆಯುವವಳು. ಬೀಜದ ಪ್ರತಿ ಚೀಲಕ್ಕೂ ಒಂದು ಟ್ಯಾಗು ಬೇಕು. ಯಾವ ಬೀಜ, ಯಾವ ಲಾಟು, ನೂರಕ್ಕೆ ಎಷ್ಟು ಮೊಳೆಯುತ್ತದೆ, ಎಲ್ಲ ಅದರ ಮೇಲೆ. ಟ್ಯಾಗು ಇಲ್ಲದ ಚೀಲ ಗೇಟು ದಾಟಿದರೆ ಸರ್ಕಾರದವರು ಬಂದು ಕೂರುತ್ತಾರೆ.

ಸಂಕವ್ವ ಆ ಟ್ಯಾಗುಗಳನ್ನು ಒಂದು ಹಳೆಯ ಕಂಪ್ಯೂಟರಿನಿಂದ ಹೊಡೆಯುತ್ತಿದ್ದಳು. ಕೀಬೋರ್ಡು ಇತ್ತು, ಪ್ರಿಂಟರು ಇತ್ತು, ಸ್ಕ್ರೀನು ಮಾತ್ರ ಇರಲಿಲ್ಲ. ಆರು ವರ್ಷದಿಂದ ಇರಲಿಲ್ಲ. ಸ್ಕ್ರೀನಿನ ಜಾಗದಲ್ಲಿ ಯಲ್ಲಮ್ಮನ ಫೋಟೋ ಇಟ್ಟು ದಿನಾ ಹೂವು ಏರಿಸುತ್ತಿದ್ದಳು. ಕೆಲಸ ನಡೆಯುತ್ತಿದ್ದದ್ದು ಎಣಿಕೆಯ ಮೇಲೆ. ಎರಡು ಸಲ ಕೆಳಗಿನ ಬಾಣ, ಒಂದು ಸಲ ದೊಡ್ಡ ಬಟನ್, ಲ್ಯಾಬಿನವರು ಚೀಟಿಯಲ್ಲಿ ಕೊಟ್ಟ ಲಾಟ್ ನಂಬರು, ಮತ್ತೆ ಮೂರು ಸಲ ದೊಡ್ಡ ಬಟನ್. ಮೊದಲ ಟ್ಯಾಗನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುವಳು. ಸರಿ ಇದ್ದರೆ ಹತ್ತು ಸಾವಿರ ಹೊಡೆಯುವಳು. ಒಂದು ದಿನ ತಪ್ಪಿದವಳಲ್ಲ. ಹೊರಗಿನವರು ನೋಡಿದರೆ ಯಾರೋ ಮುದುಕಿ ದೇವರ ಮುಂದೆ ಕೂತು ಜಪ ಮಾಡುತ್ತಿದ್ದಾಳೆ ಅನ್ನಬೇಕು.

ಆ ಕಂಪ್ಯೂಟರು ಚಳಿಗಾಲದಲ್ಲಿ ಒಮ್ಮೆ ಬೀಸುಕಲ್ಲಿನ ಹಾಗೆ ಗರ್ ಅಂದಿತ್ತು. ಸಂಕವ್ವ ಕರೆದಾಗ ಬಂದವಳು ದಾನಮ್ಮ. ಆಗಲೇ ಅವಳು ಅದರದ್ದೂ ಒಂದು ನಕಲು ಮಾಡಿ ಇಟ್ಟಿದ್ದಳು. ಹಾಗಾಗಿ ಅದು ಅಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಉದಯಶಂಕರನಿಗೆ ಹೇಳಿಯೂ ಹೇಳಿದಳು.

"ಸರ್, ನಿಮ್ಮ ಬದಿ ಪ್ಯಾಕಿಂಗ್ ಶೆಡ್ಡಿನ್ಯಾಗ ಒಂದು ಕಂಪ್ಯೂಟರ್ ಐತ್ರಿ. ಅದನ್ನ ಮೊದಲ ನೋಡ್ರಿ."

"ಅಲ್ಲಿ ಯಾವುದೂ ಇಲ್ಲ."

"ಐತ್ರಿ ಸರ್. ನಾನು ಕಂಡೀನಿ."

"ನನ್ನ ಕಂಪ್ಯೂಟರ್ ಪಟ್ಟಿಯಾಗ ಇಲ್ಲಂದ್ರ ಇಲ್ಲ!" ಅಂದ ಉದಯಶಂಕರ. ಮುಖ ಕೆಂಪಾಗಿತ್ತು. "ನನ್ನ ಬದೀಗೆ ಯಾಕ ಇಣುಕ್ತಿ? ನಿನ್ನ ಬದ್ಯಾಗ ಬೇಕಾದಷ್ಟು ನಡದೈತಂತಲ್ಲ, ಅದನ್ನ ನೋಡಿಕೋ."

ಕಂಪ್ಯೂಟರಿನ ಮಾತಿಗೆ ಮುಖ ಯಾಕೆ ಕೆಂಪಾಗಬೇಕು? ಆಗ ಯಾರೂ ಯೋಚಿಸಲಿಲ್ಲ.

ರವಿವಾರ ಬಂತು. ಉದಯಶಂಕರ ಕುರ್ಚಿಯಲ್ಲಿ ಕೂತ, ಚಹಾ ತರಿಸಿಕೊಂಡ, ಹುಕುಂ ಕೊಟ್ಟ. ಸಂಜೆಯೊಳಗೆ ಅವನ ಬದಿಯ ಎಲ್ಲ ಕಂಪ್ಯೂಟರಿಗೂ ಹೊಸದು ಬಂತು. ಸೋಮವಾರ ಆಫೀಸಿನವರು ಬಂದು ನೋಡಿ ಚಪ್ಪಾಳೆ ತಟ್ಟಿದರು. ಸಾಹುಕಾರರು ಶಾಲು ಹೊದಿಸಿದರು. ಸೆಕೆಯ ದಿನ, ಆದರೂ ಅವನು ಅದನ್ನು ಮಧ್ಯಾಹ್ನದವರೆಗೆ ತೆಗೆಯಲಿಲ್ಲ.

ದಾನಮ್ಮನದು ಆಗ ಆಗಿದ್ದು ಬರೀ ನಾಲ್ಕು.

"ದಾನವ್ವಾ, ನಿಂದು ಮುಗಿಯೂದ್ರಾಗ ಈ ಸಲದ ಗೋವಿನಜೋಳ ತೆನಿ ಬಿಟ್ಟಿರ್ತಾವ ನೋಡು" ಅಂತ ಆಫೀಸಿನವರು ಆಡಿಕೊಂಡರು.

ಅವಳು "ಬಿಡಲಿ ಬಿಡ್ರಿ" ಅಂದು ನೋಟ್‌ಬುಕ್ ತಗೊಂಡು ರಸ್ತೆ ದಾಟಿದಳು.

ಪ್ಯಾಕಿಂಗ್ ಶೆಡ್ಡಿನಲ್ಲಿ ಎರಡು ದಿನಕ್ಕಾಗುವಷ್ಟು ಟ್ಯಾಗು ಮೊದಲೇ ಹೊಡೆದಿಟ್ಟದ್ದಿತ್ತು. ಹಾಗಾಗಿ ಸೋಮವಾರ, ಮಂಗಳವಾರ ಯಾರಿಗೂ ಏನೂ ಗೊತ್ತಾಗಲಿಲ್ಲ. ಬುಧವಾರ ಬೆಳಿಗ್ಗೆ ಮಿರಗದ ಮಳೆ, ಮುಂಗಾರು ಬಿತ್ತನೆಯ ಮಳೆ, ಬಿತ್ತು. ಮಳೆ ಬಿದ್ದರೆ ರೈತ ಒಂದು ಗಳಿಗೆ ಕಾಯುವುದಿಲ್ಲ, ಮಣ್ಣಿನ ಹಸಿ ಆರುವುದರೊಳಗೆ ಬೀಜ ಬೀಳಬೇಕು. ಹನ್ನೊಂದು ಲಾರಿ ಬಂದು ಗೇಟಿನಲ್ಲಿ ನಿಂತವು. ಹೊಸ ಲಾಟಿನ ಗೋವಿನಜೋಳ, ಹೊಸ ಟ್ಯಾಗು ಬೇಕು.

ಸಂಕವ್ವ ಯಲ್ಲಮ್ಮನಿಗೆ ಕೈ ಮುಗಿದು ಕೂತಳು. ಎರಡು ಕೆಳಗೆ, ಒಂದು ದೊಡ್ಡದು, ನಂಬರು, ಮೂರು ದೊಡ್ಡದು.

ಪ್ರಿಂಟರು ಸುಮ್ಮನಿತ್ತು.

ಮತ್ತೆ ಎಣಿಸಿದಳು. ಸುಮ್ಮನಿತ್ತು. ಏಳು ಸಲ ಎಣಿಸಿದಳು.

ಪಟ್ಟಿಗೆ ಆ ಕಂಪ್ಯೂಟರು ಗೊತ್ತಿರಲಿಲ್ಲ. ತಂತಿಗೆ ಗೊತ್ತಿತ್ತು. ರವಿವಾರ ಕೊಟ್ಟ ಹುಕುಂ ತಂತಿ ಗುಂಟ ಬಂದು, ಯಲ್ಲಮ್ಮನ ಫೋಟೋದ ಹಿಂದೆಯೂ ಹೊಸ ಸೊಸೆಯನ್ನು ಇಳಿಸಿ ಹೋಗಿತ್ತು. ಅವಳಿಗೆ ಆ ಮನೆಯ ಎಣಿಕೆ ಯಾರು ಹೇಳಿಕೊಟ್ಟಿದ್ದರು?

ಗೇಟಿನಲ್ಲಿ ಲಾರಿಯವರ ಗಲಾಟೆ ಎದ್ದಿತು. ಸಾಹುಕಾರರು ಓಡಿ ಬಂದರು. ಎಂದೂ ಕುರ್ಚಿ ಬಿಡದ ಉದಯಶಂಕರನೂ ಓಡಿ ಬಂದ. ಫೋಟೋದ ಹಿಂದೆ ಇಣುಕಿ ನೋಡಿದ. ನೋಡಿದ ತಕ್ಷಣ ಅವನಿಗೆ ಎಲ್ಲ ತಿಳಿಯಿತು. ತಿಳಿದರೂ ಬಾಯಿಗೆ ಬಂದದ್ದು ಬೇರೆ.

"ಈಕಿ ಏನೋ ಒತ್ತಬಾರದ್ದು ಒತ್ತಿ ಕೆಡಿಸ್ಯಾಳ್ರಿ ಸಾಹುಕಾರ್ರ. ಸಾಲಿ ಕಲಿಯದವರ ಕೈಯಾಗ ಮಿಷನ್ ಕೊಟ್ರ ಹಿಂಗ."

"ಹಂಗಾರ ಲಾರಿ ನಿಲ್ಲಿಸಿದಾಕಿ ಈಕಿ?"

"ಹೌದ್ರಿ."

ಸಾಹುಕಾರರು ಸಂಕವ್ವನ ಕಡೆ ತಿರುಗಿದರು. "ನಾನು ಆಡಿದ ಮಾತು ಆಡಿದ್ದ. ಸಂಜೀಗೆ ಲೆಕ್ಕ ತಗೊಂಡು ಮನಿಗೆ ಹೋಗವ್ವ."

ಸಂಕವ್ವ ಅಳಲಿಲ್ಲ. "ಇಪ್ಪತ್ತು ವರ್ಷ ಒತ್ತೀನ್ರೀ ಯಪ್ಪಾ. ಎಣಿಕಿ ತಪ್ಪಿಲ್ಲ" ಅಂದಳು. ಅಷ್ಟೇ. ಫೋಟೋ ಎತ್ತಿ ಸೆರಗಿನಲ್ಲಿ ಒರೆಸತೊಡಗಿದಳು.

ರಸ್ತೆಯ ಆ ಬದಿಗೆ ದಾನಮ್ಮ ಲ್ಯಾಬಿನ ಕಿಟಕಿಯಲ್ಲಿ ನಿಂತು ಲಾರಿಗಳ ಸಾಲು ನೋಡುತ್ತಿದ್ದಳು. ಸಂಕವ್ವನ ಸುದ್ದಿಯೂ ಬಂತು. ಅವಳು ಕಪಾಟಿನ ಬೀಗದ ಕೈ ತೆಗೆದದ್ದನ್ನು ನೋಡಿ ವೀರನಗೌಡ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ? ಸುಮ್ಮನ ಕುಂಡ್ರು ತಂಗಿ. ನಿನ್ನ ಬದಿಯಿಂದ ಒಂದು ಲಾರಿನೂ ನಿಂತಿಲ್ಲ. ಇನ್ನೊಂದು ತಾಸು ತಡಕೊಂಡ್ರ ಅವನ ಬಣ್ಣ ತಾನ ಬಿಡತೈತಿ, ವಿಭಾಗ ನಿಂದಾಗತೈತಿ. ನೀ ಹೋಗಿ ಕೈ ಹಚ್ಚಿ, ಅದು ನಡೀಲಿಲ್ಲಂದ್ರ ತಪ್ಪು ನಿನ್ನ ತಲೀಮ್ಯಾಲ."

ತಂಗಿ ಅಂದನಂತೆ! ಆ ಒಂದು ಮಾತಿಗೆ ಊರಿನ ಒಂದು ತಿಂಗಳ ಸುದ್ದಿ ಸತ್ತು ಬಿತ್ತು. ನನಗೂ ಸ್ವಲ್ಪ ಬೇಜಾರಾಯಿತು.

ದಾನಮ್ಮ ಹೇಳಿದಳು: "ಅಣ್ಣಾರ, ಆ ಲಾರಿ ಅವರವಲ್ಲ, ನಮ್ಮವು. ಒಂದು ತಾಸು ತಡದ್ರ ಸಂಕವ್ವ ಗೇಟ್ ದಾಟಿರ್ತಾಳ. ಆಮ್ಯಾಲ ನನಗ ಖುರ್ಚಿ ಸಿಕ್ಕು ಏನ್ ಮಾಡೂದೈತಿ? ಆ ಎಣಿಕಿ ಯಾರಿಗೆ ಬರತೈತಿ?"

ಬೀಜದ ಚೀಲದಲ್ಲಿ ಸುತ್ತಿದ ಡಿಸ್ಕು ಕಂಕುಳಲ್ಲಿ ಇಟ್ಟುಕೊಂಡು, ಮಳೆಯಲ್ಲೇ ರಸ್ತೆ ದಾಟಿದಳು. ಶೆಡ್ಡಿಗೆ ಬಂದು ಯಾರನ್ನೂ ಕೇಳಲಿಲ್ಲ. ಮೊದಲು ಗೋಡೆಯ ತಂತಿ ಕಿತ್ತಳು, ಇನ್ನೊಂದು ಹುಕುಂ ಬರಬಾರದು ಅಂತ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಚಳಿಗಾಲದಲ್ಲಿ ನಕಲು ಮಾಡಿಟ್ಟ ಡಿಸ್ಕು ಹಾಕಿದಳು. ಫೋಟೋ ಇಸಿದುಕೊಂಡು ಅದರ ಜಾಗದಲ್ಲಿ ಇಟ್ಟಳು.

"ಕುಂಡ್ರು ಸಂಕವ್ವ. ಎಣಿಸು."

ಎರಡು ಕೆಳಗೆ. ಒಂದು ದೊಡ್ಡದು. ನಂಬರು. ಮೂರು ದೊಡ್ಡದು.

ಪ್ರಿಂಟರು ಕರ್ ಅಂತು. ಮೊದಲ ಟ್ಯಾಗು ಹೊರಗೆ ಬಂತು. ಸಂಕವ್ವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಸಾಹುಕಾರರ ಕೈಗೆ ಕೊಟ್ಟಳು. ಮಧ್ಯಾಹ್ನದೊಳಗೆ ಹನ್ನೊಂದು ಲಾರಿಯೂ ಹೋದವು.

ಕೊನೆಯ ಲಾರಿ ಗೇಟು ದಾಟಿದ ಮೇಲೆ ಸಾಹುಕಾರರು ಕೇಳಿದರು: "ಉದಯಶಂಕರ, ಈ ಕಂಪ್ಯೂಟರ್ ನಿನ್ನ ಪಟ್ಟಿಯಾಗ ಯಾಕ ಇಲ್ಲ?"

ರಿಜಿಸ್ಟರು ತರಿಸಿದರು. ಆರು ವರ್ಷದ ಹಿಂದೆ ಅವನದೇ ಅಕ್ಷರದಲ್ಲಿ ಬರೆದಿತ್ತು: ಪ್ಯಾಕಿಂಗ್ ಶೆಡ್ಡಿನ ಕಂಪ್ಯೂಟರು ಸ್ಕ್ರೀನು ಸಹಿತ ಪೂರಾ ಕೆಟ್ಟಿದೆ, ಗುಜರಿಗೆ ಹಾಕಲಾಗಿದೆ.

"ಇದರ ಸ್ಕ್ರೀನು ಎಲ್ಲಿ?"

ಹೇಳಿದವಳು ಸಂಕವ್ವ. "ಸಾಹೇಬ್ರು ಒಯ್ದಾರ್ರಿ. ಕ್ರಿಕೆಟ್ ಮ್ಯಾಚ್ ಐತಿ, ನಾಳೆ ತಂದು ಕೊಡ್ತೀನಿ ಅಂದ್ರು. ನಾಳೆ ಇನ್ನೂ ಬಂದಿಲ್ರಿ."

ಸ್ಕ್ರೀನು ಅವನ ಮನೆಯಲ್ಲೂ ಇರಲಿಲ್ಲ. ಸಂತೆ ಮೈದಾನದ ಹಿಂದಿನ ಇಸ್ಪೀಟು ಕ್ಲಬ್ಬಿನ ಗೋಡೆಗೆ ಇತ್ತು. ಊರಿಗೆಲ್ಲ ಗೊತ್ತು. ಸ್ಕ್ರೀನು ಒಯ್ದದ್ದು ಮುಚ್ಚಲು ಇಡೀ ಕಂಪ್ಯೂಟರನ್ನೇ ಕಾಗದದ ಮೇಲೆ ಸಾಯಿಸಿದ್ದ. ಸತ್ತದ್ದನ್ನು ಪಟ್ಟಿಯಲ್ಲಿ ಹೇಗೆ ತೋರಿಸುವುದು?

ಸಾಹುಕಾರರು ಈಗ ಗುಡುಗುತ್ತಾರೆ ಅಂತ ಎಲ್ಲರೂ ಕಾದರು. ಅವರು ಗುಡುಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಯಾಕೆ ಅಂತೀರಿ? ಅವರ ಚಟ ಅಂದೆನಲ್ಲ, ಅದು ಕ್ರಿಕೆಟ್ಟು. ಹೆಂಡತಿ ಮನೆಯಲ್ಲಿ ಧಾರಾವಾಹಿ ಬಿಡುತ್ತಿರಲಿಲ್ಲ. ಆರು ವರ್ಷದಿಂದ ಪ್ರತಿ ಮ್ಯಾಚನ್ನೂ ಅದೇ ಕ್ಲಬ್ಬಿನಲ್ಲಿ, ಅದೇ ಸ್ಕ್ರೀನಿನ ಮುಂದೆ, ಉದಯಶಂಕರನ ಪಕ್ಕದ ಕುರ್ಚಿಯಲ್ಲೇ ಕೂತು ನೋಡಿದ್ದರು. ಇದು ಎಲ್ಲಿಂದ ಬಂತಪ್ಪ ಅಂತ ಒಂದು ಸಲವೂ ಕೇಳಿರಲಿಲ್ಲ.

ಮೊದಲು ಸಂಕವ್ವನಿಗೆ, "ತಪ್ಪಾತವ್ವ. ಕೇಳದ ಮಾತಾಡಿದೆ" ಅಂದರು. ವಿಭಾಗ ದಾನಮ್ಮನಿಗೆ ಕೊಟ್ಟರು. ಉದಯಶಂಕರನನ್ನು ಮನೆಗೆ ಕಳಿಸಲು ಮಾತ್ರ ನಾಲಿಗೆ ಹೊರಳಲಿಲ್ಲ. ಆ ಹಂಗಾಮು ಮುಗಿಯುವವರೆಗೆ ಸಂಕವ್ವನ ಕೈಕೆಳಗೆ ಟ್ಯಾಗು ಹೊಡೆಯಲು ಕೂರಿಸಿದರು. ಅರ್ಧ ಶಿಕ್ಷೆ. ಇನ್ನರ್ಧ ಅನುಭವಿಸಬೇಕಾದವರೇ ನ್ಯಾಯ ಹೇಳಲು ಕೂತರೆ ಅಷ್ಟೇ ಆಗುವುದು.

ಏಳು ಸರ್ಟಿಫಿಕೇಟಿನವನು ಯಲ್ಲಮ್ಮನ ಮುಂದೆ ಕೂತು ಎಣಿಸಿದ. ಮೊದಲ ದಿನ ನೂರು ಟ್ಯಾಗು ಕೆಡಿಸಿದ.

"ಸಾಹೇಬ್ರ, ಎರಡು ಕೆಳಗ ಅಂದ್ರ ಎರಡು. ಮೂರಲ್ಲ" ಅಂತ ಸಂಕವ್ವ ಹೇಳಿಕೊಟ್ಟಳು. ಸಿಟ್ಟು ಮಾಡಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು ಅಂತಾರೆ.

ಕ್ಲಬ್ಬಿನಿಂದ ಸ್ಕ್ರೀನು ವಾಪಸ್ ಬಂತು. ಮೇಜಿನ ಮೇಲೆ ಇಟ್ಟು ಹಚ್ಚಿದರು. ಸಂಕವ್ವ ಒಂದು ಗಳಿಗೆ ನೋಡಿ, "ಇದನ್ನ ಆ ಕಡೆ ಸರಸ್ರಿ. ನಮ್ಮವ್ವ ಕಾಣವಲ್ಲಳು" ಅಂದಳು. ಆರು ವರ್ಷ ಕ್ಲಬ್ಬಿನಲ್ಲಿ ಮ್ಯಾಚು ತೋರಿಸಿದ ಸ್ಕ್ರೀನು ಮೂಲೆಯಲ್ಲಿ ತನ್ನ ಪಾಡಿಗೆ ಮಿನುಗುತ್ತಾ ಕೂತಿತು.

ದಾನಮ್ಮ ಹೊಸ ಪಟ್ಟಿ ಬರೆದಳು. ಮೊದಲ ಸಾಲಿನಲ್ಲಿ ಸಂಕವ್ವನ ಕಂಪ್ಯೂಟರು. ಆದರೆ ಹೊಸದನ್ನು ಅದಕ್ಕೆ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ, ಬಿತ್ತನೆ ಮುಗಿದು ಲಾರಿಗಳು ಖಾಲಿ ನಿಂತ ಮೇಲೆ. ಅದಕ್ಕೂ ಮೊದಲು ನಾಲ್ಕು ದಿನ ಸಂಕವ್ವನ ಪಕ್ಕ ಕೂತು ಎಣಿಕೆ ಬರೆದುಕೊಂಡಳು. ಹೊಸದರಲ್ಲೂ ಎರಡು ಕೆಳಗೆ, ಒಂದು ದೊಡ್ಡದು, ನಂಬರು, ಮೂರು ದೊಡ್ಡದು ಅಂತಲೇ ಇಟ್ಟಳು.

ಮರುದಿನ ಸಂಕವ್ವ ಬಂದಳು, ಹೂವು ಏರಿಸಿದಳು, ಎಣಿಸಿದಳು, ಟ್ಯಾಗು ಬಂತು. ಹೊಸದು ಯಾವಾಗ ಹಾಕ್ತೀ ಅಂತ ಆ ಸಂಜೆ ದಾನಮ್ಮನನ್ನೇ ಕೇಳಿದಳು.

ನೀತಿ: ಅರವತ್ತು ಮನೆಗೆ ಹೊಸ ಸೊಸೆ ತರುವವರು ಮೊದಲು ಒಂದು ಮನೆಗೆ ತಂದು ನೋಡಬೇಕು, ಅದೂ ಬೈಯುವ ಅತ್ತೆ ಇರುವ ಮನೆಗೆ. ಪಟ್ಟಿಯನ್ನು ನಂಬಬೇಡಿ, ಎದ್ದು ಹೋಗಿ ಕೂತವರನ್ನು ಕೇಳಿ. ಹೊಸದು ಒಗ್ಗುವವರೆಗೆ ಹಳೆಯದರ ನಕಲು ಕಪಾಟಿನಲ್ಲಿ ಇರಲಿ. ಮತ್ತೆ, ನಾಳೆ ಕೊಡ್ತೀನಿ ಅಂತ ಒಯ್ದದ್ದನ್ನು ನಾಳೆಯೇ ಕೊಟ್ಟುಬಿಡಿ. ಒಂದು ಕಳವು ಮುಚ್ಚಲು ಪಟ್ಟಿಯಲ್ಲಿ ತೂತು ಕೊರೆದವನು, ಒಂದು ದಿನ ಎಲ್ಲರ ಎದುರಿಗೆ ಅದೇ ತೂತಿನಲ್ಲಿ ಕಾಲಿಡುತ್ತಾನೆ.